ಆಲ್ದೂರಿನ ಸಮುದ್ರದಲ್ಲೊಂದು ಸಾವು

ಬೆಳಿಗ್ಗೆ ಆರೂವರೆಗೆ ಫೋನು. "ಬೇಗ ಬಾ ಮಾರಾಯ, ಮನೇಲಿ ಸಾವಾಗಿದೆ" ಎಂದರು ನಮ್ಮ ಸಾಹುಕಾರ್ರು. ಯಾರು, ಏನು ಎಂದು ಕೇಳುವಷ್ಟರಲ್ಲಿ ಇಟ್ಟೇಬಿಟ್ಟರು. ಡಿಸೆಂಬರ್ ಕೊನೆಯ ವಾರದ ಆಲ್ದೂರಿನ ಚಳಿಯಲ್ಲಿ ಕಂಬಳಿಯಿಂದ ಹೊರಗೆ ಬರಬೇಕಾದರೆ ಯಾರಾದರೂ ಸಾಯಲೇಬೇಕು. ಎದ್ದೆ. ಅವರ ತಾಯಿಗೆ ತೊಂಬತ್ತು ದಾಟಿದೆ. ದಾರಿಯುದ್ದಕ್ಕೂ ಆಕೆಯ ಒಳ್ಳೆಯ ಗುಣಗಳನ್ನೆಲ್ಲ ಜ್ಞಾಪಿಸಿಕೊಳ್ಳುತ್ತಾ ಹೋದೆ. ಹೋಗಿ ನೋಡಿದರೆ ಅಜ್ಜಿ ಜಗಲಿಯಲ್ಲಿ ಕೂತು ಬಿಸಿ ಕಾಫಿ ಊದುತ್ತಿದ್ದಾರೆ. "ಒಳಗೆ ಹೋಗಪ್ಪ, ಮೀನಿಗೆ ಅಳ್ತಾ ಕೂತಿದಾನೆ. ಅವರಪ್ಪ ಹೋದಾಗ ಇಷ್ಟು ಅತ್ತಿರಲಿಲ್ಲ" ಎಂದರು.

ಹಾಲಿನಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ನೀಲಿ ಬೆಳಕು. ಕಿತ್ತಳೆ ಬಣ್ಣದ ಕ್ಲೌನ್ ಮೀನು ಎರಡು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎರಡಕ್ಕೂ ನೀಮೋ ಎಂದೇ ಹೆಸರು. ಡೋರಿ ಎಂಬ ನೀಲಿ ಟ್ಯಾಂಗ್ ಪಂಪಿನ ಬಾಯಿಗೆ ಅಂಟಿಕೊಂಡು ಪ್ರಾಣ ಬಿಟ್ಟಿತ್ತು. ಸಾಹುಕಾರ್ರು ಮಸುಕಾದ ನೀರನ್ನು ನೋಡುತ್ತಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. "ಯಾರೋ ವಿಷ ಹಾಕಿದಾರೆ ಕಣೋ" ಎಂದರು.

ಈ ಸಮುದ್ರ ಆಲ್ದೂರಿಗೆ ಬಂದ ಕತೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಈಗ ತೋಟ ಇರುವವರಿಗೆಲ್ಲ ಹೋಂಸ್ಟೇ ಇದೆ. ಹೋಂಸ್ಟೇ ಇರುವವರಿಗೆಲ್ಲ ಕ್ಯಾಂಪ್‌ಫೈರ್, ಮೇಲ್ಛಾವಣಿ ಕಿತ್ತ ಜೀಪು, ಅಕ್ಕಿರೊಟ್ಟಿ, ನಾಟಿಕೋಳಿ ಸಾರು ಇದೆ. ಹಾಗಾದರೆ ನಮ್ಮದರಲ್ಲಿ ವಿಶೇಷ ಏನು ಎಂದು ಬೆಂಗಳೂರಿನಲ್ಲಿರುವ ಮಗ ಕೇಳಿದ. ಉತ್ತರವನ್ನೂ ಅವನೇ ತಂದ: ಬೆಟ್ಟದ ಮೇಲೊಂದು ಸಮುದ್ರ. ಆಲ್ದೂರಿನವರು ಸಮುದ್ರ ನೋಡಬೇಕಾದರೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಇಳಿಯಬೇಕು. ನಮ್ಮೂರಿಗೆ ಸಮುದ್ರ ತಾನಾಗಿ ಹತ್ತಿ ಬರುವುದು ಮೀನಿನ ಗಾಡಿಯಲ್ಲಿ ಮಾತ್ರ, ಅದೂ ಐಸಿನ ಮೇಲೆ ಮಲಗಿಕೊಂಡು. ಜೀವಂತ ಸಮುದ್ರ ಹತ್ತಿದ್ದು ಇದೇ ಮೊದಲು.

ಸುಮಾರು 400 ಲೀಟರ್ ನೀರು. ಸಮುದ್ರದ ನೀರಿನ ಹದಕ್ಕೆ ಲೀಟರಿಗೆ 35 ಗ್ರಾಂ ಉಪ್ಪು, ಅಂದರೆ 14 ಕೆಜಿ. ಅಡುಗೆಮನೆಯ ಉಪ್ಪಲ್ಲ, ಪ್ಯಾಕೆಟ್ಟಿನ ಮೇಲೆ ಹವಳದ ಚಿತ್ರವಿರುವ ಉಪ್ಪು. ನೀರಿಗೆ ಹೀಟರ್ ಹಾಕಿ ಸದಾ 26 ಡಿಗ್ರಿ. ಕರೆಂಟು ಹೋದರೆ ಪಂಪು ನಿಲ್ಲದಿರಲಿ ಎಂದು ಯುಪಿಎಸ್. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದಾಗ ಕೂಲಿಯವರ ಲೈನ್ ಮನೆಯ ಮಕ್ಕಳು ಚಿಮಣಿ ದೀಪ ಹಚ್ಚಿ ಓದಿಕೊಂಡವು. ನೀಮೋಗೆ ಜನರೇಟರ್ ಓಡಿತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಮಕ್ಕಳು ಚಿಮಣಿಗೆ ಸಾಯುವುದಿಲ್ಲ, ಮೀನು ಆಕ್ಸಿಜನ್ ಇಲ್ಲದೆ ಸಾಯುತ್ತದೆ, ವಿಜ್ಞಾನ ಗೊತ್ತಿರಬೇಕು.

ಹತ್ತು ಗಂಟೆಗೆ ತನಿಖೆ ಶುರುವಾಯಿತು. ಮೊದಲ ಅನುಮಾನ ವಾಡಿಕೆಯಂತೆ ಲೈನಿನ ಮೇಲೆ. ಅಸ್ಸಾಮಿನಿಂದ ಹಣ್ಣು ಕುಯ್ಯಲು ಬಂದ ಹುಡುಗರನ್ನು ತೋಟದ ರೈಟರು ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ವಿಚಾರಿಸಿದ. ರೈಟರಿಗೆ ಹಿಂದಿ ಬರುವುದಿಲ್ಲ, ಹುಡುಗರಿಗೂ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ವಿಚಾರಣೆ ಸೌಹಾರ್ದವಾಗಿಯೇ ನಡೆಯಿತು. ಎರಡನೆಯ ಅನುಮಾನ ಹಿಂದಿನ ರಾತ್ರಿ ತಂಗಿದ್ದ ಗೆಸ್ಟುಗಳ ಮೇಲೆ: ತೊಟ್ಟಿಗೆ ಬಿಯರ್ ಸುರಿದಿರಬಹುದು. ಮೂರನೆಯದು ಕೆಲಸದ ಹೆಂಗಸಿನ ಮೇಲೆ: ಸೊಳ್ಳೆಗೆ ಹಿಟ್ ಹೊಡೆದಿರಬಹುದು. (ಇದು ಅಷ್ಟು ಹುಚ್ಚು ಅನುಮಾನವೇನಲ್ಲ. ಸೊಳ್ಳೆ ಕೊಲ್ಲುವ ಔಷಧಿ ಮೀನು, ಸೀಗಡಿಗಳಿಗೂ ವಿಷವೇ.) ನಾಲ್ಕನೆಯದು ಪಕ್ಕದ ತೋಟದವರ ಕಣ್ಣಿನ ಮೇಲೆ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಯಾವ ಉಪ್ಪು ಎಂದು ನಾನು ಕೇಳಲಿಲ್ಲ.

ಮೂಡಿಗೆರೆ ಸೀಮೆಯಲ್ಲಿ ಕೂತು ಮೀನಿನ ವಿಷಯ ಬರೆಯುವಾಗ ತೇಜಸ್ವಿಯವರ ಗಾಳದ ಪ್ರಸ್ತಾಪ ಬರದಿದ್ದರೆ ಬರಹಕ್ಕೆ ಪಾಸ್ ಮಾರ್ಕು ಸಿಗುವುದಿಲ್ಲ. ಬಂತು. ಮುಂದೆ ಹೋಗೋಣ.

ಮಧ್ಯಾಹ್ನ ಮಗ ಬೆಂಗಳೂರಿನಿಂದ ಒಬ್ಬ ಮೀನು ಬಲ್ಲವರನ್ನು ಫೋನಿಗೆ ತಂದ. ಆ ಮನುಷ್ಯ ಯಾರನ್ನೂ ಬೈಯದೆ ಒಂದೇ ಪ್ರಶ್ನೆ ಕೇಳಿದರು: "ಮೊದಲು ಸತ್ತದ್ದು ಯಾವುದು ಸಾರ್?"

ಯಾರಿಗೂ ಗೊತ್ತಿರಲಿಲ್ಲ. ನೀಮೋ ಸತ್ತಾಗಲೇ ಸಾವು ಲೆಕ್ಕಕ್ಕೆ ಬಂದದ್ದು. ಕೊನೆಗೆ ಕೆಲಸದ ಹೆಂಗಸು ಬಾಗಿಲ ಮರೆಯಿಂದ ಹೇಳಿದಳು, "ಕೆಂಪು ಪಟ್ಟೆ ಸೀಗಡಿ ಮೂರು ದಿನದಿಂದ ಕಾಣ್ತಿಲ್ಲ ಅಮ್ಮಾರೆ. ಬಸವನಹುಳನೂ ಗಾಜು ಬಿಟ್ಟು ಕೆಳಗೆ ಬಿದ್ದಿದ್ವು." ಬೆಳಿಗ್ಗೆಯಿಂದ ಆರೋಪಿಯಾಗಿದ್ದವಳು ಆ ಮನೆಯಲ್ಲಿ ತೊಟ್ಟಿಯೊಳಗೆ ನಿಜಕ್ಕೂ ಕಣ್ಣಿಟ್ಟಿದ್ದ ಒಬ್ಬಳೇ ಸಾಕ್ಷಿ.

"ಹಾಗಾದ್ರೆ ತಾಮ್ರ ನೋಡಿ" ಎಂದರು ಬೆಂಗಳೂರಿನವರು. ಮೀನು ಒಂದಿಷ್ಟು ತಾಮ್ರ ತಡೆದುಕೊಳ್ಳುತ್ತದೆ. ಉಪ್ಪುನೀರಿನ ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ತಾಮ್ರವೇ ಮದ್ದು. ಆದರೆ ಸೀಗಡಿ, ಬಸವನಹುಳ, ಹವಳಗಳಿಗೆ ಅದರ ಸೋಂಕೂ ಆಗದು, ಅವು ಮೊದಲು ಹೋಗುತ್ತವೆ. ಕಲ್ಲಿನ ಸಂದಿಯಲ್ಲಿ ಅವು ಕೊಳೆತು ಅಮೋನಿಯ ಏಳುತ್ತದೆ. ಕ್ಷಾರದ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ಜೋರು, ಆಮೇಲೆ ಮೀನಿನ ಸರದಿ. "ನಿಮ್ಮ ಕಡೆ ತಾಮ್ರ ಎಲ್ಲಿಂದ ಬರುತ್ತೆ ಸಾರ್?"

ಕಾಫಿ ಸೀಮೆಯಲ್ಲಿ ತಾಮ್ರ ಎಲ್ಲಿಂದ ಬರುತ್ತೆ! ಇಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವ ನೀಲಿ ಬಣ್ಣ ಮೈಲುತುತ್ತದ್ದು. ಫ್ರಾನ್ಸಿನ ಬೋರ್ಡೋ ಕಡೆ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನದಿರಲೆಂದು ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗೆ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರು ಗಮನಿಸಿ 1885ರಲ್ಲಿ ಲೋಕಕ್ಕೆ ಸಾರಿದ. ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಹೊಡೆಯಿರಿ ಎಂದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಕಳ್ಳರನ್ನು ಓಡಿಸಲು ಹುಟ್ಟಿದ ಔಷಧಿ ನಮ್ಮ ಅಡಿಕೆ, ಕಾಫಿ, ಮೆಣಸು ಮೂರನ್ನೂ ಕಾಯುತ್ತಿದೆ. ಕಳ್ಳರು ಮಾತ್ರ ಹೋಗಿಲ್ಲ.

ಮೇಸ್ತ್ರಿ ಇದನ್ನೆಲ್ಲ ಕೇಳಿಸಿಕೊಂಡು ಸೊಂಟದಿಂದ ಕತ್ತಿ ತೆಗೆದ. ಬೋರ್ಡೋ ಹದ ನೋಡುವುದು ಹಾಗೆಯೇ: ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯಬೇಕು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು. "ಅದ್ದಿ ನೋಡಾನಾ ಸಾಹುಕಾರ್ರೆ?" ಎಂದ. ಸಾಹುಕಾರ್ರು ದುರುಗುಟ್ಟಿ ನೋಡಿದರು. ಲೀಟರಿನಲ್ಲಿ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು ತಾಮ್ರ ಕತ್ತಿಗೆ ಕಾಣುವುದಿಲ್ಲ, ನಿಜ. ಆದರೆ ಕತ್ತಿ ವಾಪಸು ಸಿಕ್ಕಿಸಿಕೊಳ್ಳುವಾಗ ಅವನು ಗೊಣಗಿದ್ದು ನನಗೆ ಕೇಳಿಸಿತು: "ಆ ನೀಲಿ ಡ್ರಮ್ಮಲ್ಲಿ ಉಪ್ಪು ಕಲಸಿದ್ರೆ ಇನ್ನೇನಾಗುತ್ತೆ."

ಡ್ರಮ್ಮು ಕೊಟ್ಟಿಗೆಯ ಹಿಂದೆ ಸಿಕ್ಕಿತು. ಮಳೆಗಾಲದಲ್ಲಿ ಮೆಣಸಿನ ಬಳ್ಳಿಗೆ ಹೊಡೆಯಲು ಬೋರ್ಡೋ ಕಲಸಿದ್ದು ಅದರಲ್ಲೇ. ಡ್ರಮ್ಮೂ ನೀಲಿ, ಒಳಗಿನ ಕರೆಯೂ ನೀಲಿ, ಹೊರಗಿನವರಿಗೆ ವ್ಯತ್ಯಾಸ ಗೊತ್ತಾಗದು. ವರ್ಷಾಂತ್ಯದ ಗೆಸ್ಟುಗಳು ಬರುವ ಮೊದಲು ತೊಟ್ಟಿಯ ನೀರು ಅರ್ಧ ಬದಲಿಸಬೇಕೆಂದು ಮಗ ಗಡಿಬಿಡಿಯಲ್ಲಿ ಬಂದಿದ್ದ. ಡ್ರಮ್ಮು ಹುಡುಕಿ ಉಪ್ಪು ಕಲಸಿ ಸುರಿದವನು ಅವನೇ. ಇದು ಗೊತ್ತಾದ ತಕ್ಷಣ "ಯಾರೋ ವಿಷ ಹಾಕಿದಾರೆ" ಎಂಬುದು "ಏನೋ ಆಗೋಯ್ತು" ಎಂದಾಯಿತು. ಮಲೆನಾಡಿನ ವ್ಯಾಕರಣದಲ್ಲಿ ಲೈನಿನವರು ಮಾಡಿದ್ದಕ್ಕೆ ಕರ್ತೃ ಇರುತ್ತಾನೆ, ಮನೆಯವರು ಮಾಡಿದ್ದು ತಾನಾಗಿ ಆಗುತ್ತದೆ. ಆ ಹುಡುಗರಿಗೆ ತನಿಖೆ ಮುಗಿಯಿತೆಂದು ಯಾರೂ ಹೇಳಲಿಲ್ಲ. ಅವರು ಅಷ್ಟರಲ್ಲಿ ಹಣ್ಣು ಕುಯ್ಯುತ್ತಿದ್ದರು.

ಬೆಂಗಳೂರಿನವರು ಇನ್ನೊಂದು ಸಲಹೆ ಕೊಟ್ಟರು. "ಖಾತ್ರಿಗೆ ಲ್ಯಾಬಿಗೆ ಕಳಿಸಿ ಸಾರ್. ತೊಟ್ಟಿಯ ನೀರು ಒಂದು ಬಾಟಲಿ, ಒಳಗಿರೋ ಕಲ್ಲಿನ ಚೂರು, ಆಮೇಲೆ ನೀರು ಬರೋ ಮೂಲದ್ದೂ ಒಂದು ಬಾಟಲಿ."

ಕಲ್ಲು ಎಂದ ಕೂಡಲೇ ಸಾಹುಕಾರ್ರ ಮಗ ಕೆಮ್ಮಿದ. ಅದು ಬರೀ ಕಲ್ಲಲ್ಲ, ಹವಳ. ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಹುಲಿಯ ಜೊತೆ ಒಂದೇ ಬೆಂಚಿನಲ್ಲಿ. ಹಾಲಿನಲ್ಲಿ ಹುಲಿ ಕಟ್ಟಿಕೊಂಡವನು ಹುಲಿಗೆ ಜ್ವರ ಬಂತೆಂದು ಠಾಣೆಗೆ ಹೋಗಲಾರ. ಕಲ್ಲಿನ ಚೂರನ್ನು ಕೈಬಿಟ್ಟಾಯಿತು.

ಮೂಲದ ನೀರು? ಮೂಲ ಎಂದರೆ ಹಳ್ಳ. ನಾನೂ ಮೇಸ್ತ್ರಿಯೂ ಬಾಟಲಿ ಹಿಡಿದು ಇಳಿದೆವು. ಹಳ್ಳ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಹಳಸಿದ ಹೆಂಡದಂಥ ಹುಳಿ ವಾಸನೆ. ಕುಯ್ಲಿನ ಕಾಲ. ಮೇಲಿನ ತೋಟದ ಪಲ್ಪರ್ ರಾತ್ರಿಯಿಡೀ ಓಡಿದೆ. ಹಣ್ಣಿನ ಸಿಪ್ಪೆ ಬೇರೆಯಾಗಿ, ಬೀಜಕ್ಕೆ ಹತ್ತಿದ ಸಿಹಿ ಲೋಳೆ ತೊಳೆದ ನೀರು ತೊಟ್ಟಿಯಲ್ಲಿ ನಿಂತು, ಸುಣ್ಣ ತಿಂದು ಹದವಾಗಬೇಕು. ತೊಟ್ಟಿ ತುಂಬಿದ ರಾತ್ರಿ ಅದು ಹಳ್ಳಕ್ಕೆ ಇಳಿಯುತ್ತದೆ. ಆ ಲೋಳೆಯನ್ನು ತಿನ್ನಲು ಕೋಟ್ಯಂತರ ಸೂಕ್ಷ್ಮಜೀವಿಗಳು ಮುಗಿಬಿದ್ದು ನೀರಿನ ಆಕ್ಸಿಜನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಕಪ್ಪಗೆ ನೊರೆಗಟ್ಟಿದ ನೀರಿನ ಅಂಚಿನಲ್ಲಿ ಬೆರಳುದ್ದದ ಮೀನುಗಳು ಬಾಯಿ ಮೇಲೆತ್ತಿ ಗಾಳಿ ಕಚ್ಚುತ್ತಿದ್ದವು. ಕೆಲವು ಕಚ್ಚುವುದನ್ನು ನಿಲ್ಲಿಸಿದ್ದವು. ಕಲ್ಲೇಡಿಯೊಂದು ನೀರಿನ ಸಹವಾಸವೇ ಬೇಡವೆಂದು ಬಂಡೆಯ ಮೇಲೆ ಹತ್ತಿ ಕೂತಿತ್ತು. ಬಾಟಲಿ ಮುಳುಗಿಸಿದರೆ ಕೈಗೆ ಅಂಟು ಹತ್ತಿತು.

"ಪ್ರತಿ ವರ್ಷದ್ದೇ" ಎಂದ ಮೇಸ್ತ್ರಿ. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ, ಇವನು ಹುಟ್ಟುವ ಮೊದಲು. ಪಲ್ಪರ್ ನೀರು ಹಳ್ಳಕ್ಕೆ ಬಿಡಬಾರದೆಂಬುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿಯೇ ರಾತ್ರಿ ಬಿಡುತ್ತಾರೆ. ಹಳ್ಳದ ವ್ಯವಸ್ಥೆ ಬಲು ಸೊಗಸಾದದ್ದು. ಪ್ರತಿಯೊಬ್ಬ ಸಾಹುಕಾರರೂ ತಮ್ಮ ಪಲ್ಪರಿಗಿಂತ ಮೇಲೆ ನೀರೆತ್ತಿ, ಕೆಳಗೆ ಬಿಡುತ್ತಾರೆ. ಮೇಲಿನವರು ಕೊಟ್ಟದ್ದನ್ನು ಪಡೆದು, ತಮ್ಮದನ್ನೂ ಸೇರಿಸಿ ಕೆಳಗಿನವರಿಗೆ ದಾಟಿಸುವುದು. ಮನೆತನದ ಆಸ್ತಿಯ ಹಾಗೆ. ನಮ್ಮ ಸಾಹುಕಾರ್ರ ಮನೆಯಲ್ಲಿ ಮೂರು ಹಂತದ ಫಿಲ್ಟರ್ ಇದೆ. ಕೆಳಗಿನ ಊರಿನವರು ದನ ಕುಡಿಸುವುದು ಈ ನೀರನ್ನೇ.

ಹಾಗೆಂದು ಸಾಹುಕಾರ್ರು ಪರಿಸರ ವಿರೋಧಿಯಲ್ಲ. ಕುದುರೆಮುಖದ ಗಣಿಯಿಂದ ಭದ್ರೆಗೆ ಕೆಮ್ಮಣ್ಣು ಇಳಿಯುತ್ತಿದ್ದ ಕಾಲದಲ್ಲಿ ಚಿಕ್ಕಮಗಳೂರಿನ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಾಗ ಊರಿಗೆಲ್ಲ ಜಿಲೇಬಿ ಹಂಚಿದರು. ಆ ಡಿಸೆಂಬರಿನಲ್ಲೂ ಅವರ ಪಲ್ಪರ್ ಓಡುತ್ತಿತ್ತು. ಅದು ಬೇರೆ ವಿಷಯ. ಕಂಪನಿ ಮಾಡಿದರೆ ಮಾಲಿನ್ಯ, ನಾವು ಮಾಡಿದರೆ ಸೀಸನ್.

ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಸಾಹುಕಾರ್ರು ಅದನ್ನು ಬೆಳಕಿಗೆ ಹಿಡಿದರು. ಕಾಫಿ ಡಿಕಾಕ್ಷನ್ನಿನ ಬಣ್ಣ, ಮೇಲೆ ಹೊಗೆಯಾಡದಿರುವುದೊಂದೇ ಕಮ್ಮಿ.

"ಇದನ್ನ ಲ್ಯಾಬಿಗೆ ಕಳಿಸಿದ್ರೆ ರಿಪೋರ್ಟ್ ಯಾರ ಹೆಸರಿಗೆ ಬರುತ್ತೆ?" ಎಂದು ಕೇಳಿದರು.

"ಕಳಿಸಿದವರ ಹೆಸರಿಗೆ."

ಬಾಟಲಿ ಬಚ್ಚಲುಮನೆ ಸೇರಿತು. ಮೇಲಿನ ತೋಟದವರು ಅವರ ಬೀಗರು. ಬರುವ ಏಪ್ರಿಲ್‌ನಲ್ಲಿ ಇನ್ನೊಂದು ಸಂಬಂಧದ ಮಾತುಕತೆಯೂ ಇದೆ.

ಸಂಜೆ ಸಮಾಧಾನಕ್ಕೆಂದು ಶಿಶಿಲದ ಕತೆ ಹೇಳಿದೆ. ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನಲ್ಲಿ, ಕಪಿಲೆಯ ದಡದ ಶಿಶಿಲೇಶ್ವರ ದೇವಸ್ಥಾನದ ಮುಂದೆ ದೇವರ ಮೀನುಗಳಿವೆ. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಅವಕ್ಕೆ ಸ್ಮಾರಕ ಕಟ್ಟಿದರು. ಕೊಂದವರ ಹೆಸರಿಲ್ಲ, ಸತ್ತವರ ನೆನಪಿದೆ. ಕಾರೆಕಾಯಿ ಜಜ್ಜಿ ಹಾಕಿ, ತೋಟೆ ಹೊಡೆದು ಮೀನು ಹಿಡಿಯುವ ನಮ್ಮ ನಾಡಿನಲ್ಲಿ ಮೀನಿಗೂ ಒಂದು ಕಲ್ಲು ನೆಟ್ಟವರಿದ್ದಾರಲ್ಲ ಎಂಬ ಅರ್ಥದಲ್ಲಿ ಹೇಳಿದ್ದು. ಸಾಹುಕಾರ್ರ ಕಣ್ಣು ಹೊಳೆಯಿತು.

"ಸ್ಮಾರಕ! ಗೇಟಿನ ಹತ್ರ ಮಾಡಿದ್ರೆ ಹೇಗೆ? ಗೆಸ್ಟುಗಳು ಫೋಟೋ ತೆಗೆಸ್ಕೋತಾರೆ."

ಅಜ್ಜಿ ಜಗಲಿಯಿಂದಲೇ ಕೂಗಿದರು. "ನಾನು ಮದುವೆಯಾಗಿ ಬಂದಾಗ ಆ ಹಳ್ಳದಲ್ಲಿ ಮೊದಲ ಮಳೆಗೆ ಗದ್ದೆವರೆಗೂ ಹತ್ತುಮೀನು ಬರ್ತಿತ್ತು ಕಣೋ. ಅದಕ್ಕೂ ಒಂದು ಕಲ್ಲು ಇಡ್ಸು."

ಮಗ ಆಗಲೇ ಫೋನಿನಲ್ಲಿ ಹೊಸ ನೀಮೋಗಳಿಗೆ ಆರ್ಡರ್ ಮಾಡುತ್ತಿದ್ದ. ತೊಟ್ಟಿಗೆ ಪೈಪು ಇಳಿಸಿ, 14 ಕೆಜಿ ಉಪ್ಪಿನ ಸಮುದ್ರವನ್ನು ಅಂಗಳದ ಚರಂಡಿಗೆ ಬಿಟ್ಟಿದ್ದರು. ಕಾಫಿ ಗಿಡದ ಬುಡಕ್ಕೆ ಹೋಗದ ಹಾಗೆ ರೈಟರು ಹಾರೆ ಹಿಡಿದು ಕಾಲುವೆ ತಿರುಗಿಸಿದ. ಉಪ್ಪು ಗಿಡಕ್ಕೆ ಆಗುವುದಿಲ್ಲ.

"ಆ ಡ್ರಮ್ಮು ಚೆನ್ನಾಗಿ ತೊಳೆದು ಇಡು ಮಾರಾಯ, ತಾಮ್ರದ ಒಂದು ಕಣನೂ ಉಳೀಬಾರದು" ಎಂದರು ಸಾಹುಕಾರ್ರು.

ಮೇಸ್ತ್ರಿ ಡ್ರಮ್ಮನ್ನು ಅಡ್ಡ ಮಲಗಿಸಿ, ಕಾಲಿನಿಂದ ಉರುಳಿಸುತ್ತಾ ಹಳ್ಳದ ಕಡೆ ಇಳಿದ.