ಮಂಡಿಯೂ ಮೈಸೂರೂ

ಬೆಂಗಳೂರಿನ ಗೋವಿಂದರಾಜನಗರದಿಂದ ಮೈಸೂರಿಗೆ ಸೈಕಲ್ಲಿನಲ್ಲಿಯೇ ಹೋಗಿಬರುವೆನೆಂದು ನೆರೆಹೊರೆಗೆಲ್ಲ ಸಾರಿದ್ದ ನನ್ನ ಮಿತ್ರರೊಬ್ಬರು, ಪ್ರಯಾಣಕ್ಕೆ ಮುನ್ನವೇ ಸ್ವಗೃಹದ ಮೆಟ್ಟಿಲಿನಲ್ಲಿ ಜಾರಿ ಬಲಮಂಡಿಯನ್ನು ಉಳುಕಿಸಿಕೊಂಡರೆಂಬ ವಾರ್ತೆ ಹಬ್ಬಿದೊಡನೆ, ಬೀದಿಯ ಮನೆಮನೆಯೂ ವೈದ್ಯಶಾಲೆಯಾಗಿ ಪರಿಣಮಿಸಿತು. ಹರಳೆಣ್ಣೆ, ಉಪ್ಪಿನ ಶಾಖ, ಪುತ್ತೂರು ಕಟ್ಟು, ಯಾವುದೂ ಉಳಿಯಲಿಲ್ಲ.

ಮಂಡಿಯನ್ನು ಬಲ್ಲ ವೈದ್ಯರು ಮಾತ್ರ ಯಾತ್ರೆಯನ್ನು ನಿಷೇಧಿಸದೆ ತಿದ್ದಿದರು: ಸೀಟು ತಗ್ಗಾದಷ್ಟೂ ಕಾಲು ಹೆಚ್ಚು ಮಡಿಚಿಕೊಂಡು ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುವುದರಿಂದ ಅದನ್ನು ತುಸು ಏರಿಸತಕ್ಕದ್ದು, ಗಟ್ಟಿ ಗೇರಿನಲ್ಲಿ ಪರಾಕ್ರಮ ಮೆರೆಯದೆ ಹಗುರ ಗೇರಿನಲ್ಲಿ ಬೇಗಬೇಗ ತುಳಿಯತಕ್ಕದ್ದು.

ಇನ್ನು ಸುಮಾರು 145 ಕಿಲೋಮೀಟರಿನ ಮಾರ್ಗವನ್ನು ಖಂಡಖಂಡವಾಗಿ ವಿಭಾಗಿಸುವ ಮಹಾಕಾರ್ಯ. 2023ರ ಆಗಸ್ಟಿನಿಂದ ಹೆದ್ದಾರಿಯ ಮುಖ್ಯಪಥವು ಬೈಕುಗಳಿಗೂ ಸೈಕಲ್ಲುಗಳಿಗೂ ನಿಷಿದ್ಧವಾದುದರಿಂದ ಸರ್ವೀಸ್ ರಸ್ತೆಯೇ ಗತಿ. ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳಲ್ಲೆಲ್ಲ ರೈಲುನಿಲ್ದಾಣವಿರುವುದು, ಮಂಡಿ ಮುಷ್ಕರ ಹೂಡಿದಲ್ಲಿಯೇ ಗೌರವಯುತವಾಗಿ ಶರಣಾಗಲು ಪರಮಾನುಕೂಲ. ಮದ್ದೂರಿಗೆ ಗೊತ್ತುಮಾಡಿದ ದೀರ್ಘ ವಿಶ್ರಾಂತಿಯು ಮಂಡಿಯ ಸಲುವಾಗಿಯೋ ವಡೆಯ ಸಲುವಾಗಿಯೋ ಎಂದು ಅವರ ಶ್ರೀಮತಿಯವರು ಸಂದೇಹಿಸಿದುದು ಅಕಾರಣವೆಂದು ನಾನಂತೂ ಹೇಳಲಾರೆ.

ಪರಿಷ್ಕರಣದ ಮೇಲೆ ಪರಿಷ್ಕರಣ ನಡೆದು, ಸದ್ಯದ ಯೋಜನೆಯಂತೆ ಕೆಂಗೇರಿಯವರೆಗೆ ಸೈಕಲ್ಲು, ಅಲ್ಲಿಂದ ಮುಂದಕ್ಕೆ ರೈಲು. ಸೈಕಲ್ಲು ಕೆಂಗೇರಿಯ ಷಡ್ಡಕರ ಮನೆಯಲ್ಲಿ ವಿಶ್ರಮಿಸತಕ್ಕದ್ದು. ಹೆಲ್ಮೆಟ್ಟನ್ನು ಮಾತ್ರ ಮೈಸೂರಿನವರೆಗೂ ಧರಿಸಿಯೇ ಹೋಗುವರಂತೆ. ನಿಲ್ದಾಣಕ್ಕೆ ಬರುವ ಬೀಗರು ನೋಡುವರಲ್ಲ!