‘ಟೈಟ್’ ಶಬ್ದಾರ್ಥ ಮೀಮಾಂಸೆ: ಈಶ್ವರಮಂಗಲ ಪ್ರಯೋಗಗಳು

ಪೀಠಿಕೆ

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕನ್ನಡದ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿತು. ಇಂಗ್ಲಿಷ್ ಶಬ್ದಗಳಿಗೆ ನಮ್ಮೂರು ಈಶ್ವರಮಂಗಲದಲ್ಲಿ ಏನರ್ಥ ಎಂದು ಹೇಳುವ ಕೆಲಸ ಹಾಗೇ ಬಾಕಿ ಬಿದ್ದಿತ್ತು. ಈ ಪ್ರಬಂಧ ಅದರಲ್ಲಿ ಒಂದೇ ಒಂದು ವಿಶೇಷಣವನ್ನು ಎತ್ತಿಕೊಂಡಿದೆ. ಪ್ರೇರಣೆ ಪಕ್ಕದ ತೋಟದ ಅಣ್ಣನದು. ಕೈಗಡ ಕೊಟ್ಟ 2000 ರೂಪಾಯಿ ಕೇಳಲು ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಹೋದಾಗ ಅವರು ಜಗಲಿಯಿಂದಲೇ, ‘ಸ್ವಲ್ಪ ಟೈಟ್ ಉಂಟು ಮಾಷ್ಟ್ರೇ’ ಎಂದರು. ಹಣ ಸಿಗಲಿಲ್ಲ, ವಿಷಯ ಸಿಕ್ಕಿತು.

ರೂಪವಿಚಾರ

ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗೆಂದೇ ಅಪಭ್ರಂಶ ಪ್ರಕರಣ ಇಟ್ಟ. ಹದಿಮೂರನೆಯ ಶತಮಾನದವನಾದ್ದರಿಂದ ‘ಟೈಟ್’ ಅವನ ಕೈಗೆ ಸಿಗಲಿಲ್ಲ. ಸಿಕ್ಕಿದ್ದರೆ ಉಕಾರ ಹಚ್ಚಿ, ಟೈಟು + ಉಂಟು = ಟೈಟುಂಟು, ಲೋಪಸಂಧಿ ಎನ್ನುತ್ತಿದ್ದ. ಇಲ್ಲಿ ಲೋಪವಾದದ್ದು ಒಂದು ಉಕಾರ ಮತ್ತು ನನ್ನ 2000 ರೂಪಾಯಿ.

ತರತಮಕ್ಕೆ ಇಂಗ್ಲಿಷರು ಪದದ ಬಾಲ ಬೆಳೆಸುತ್ತಾರೆ. ನಾವು ತಲೆಗೆ ಹೊರೆ ಏರಿಸುತ್ತೇವೆ: ಟೈಟ್, ಭಾರೀ ಟೈಟ್, ಫುಲ್ ಟೈಟ್. ‘ಟೈಟು ಗೀಟು’ ಎಂಬ ಜೋಡಿ ಜಗಳಕ್ಕೆ ಮಾತ್ರ ಸಲ್ಲುತ್ತದೆ: ‘ಟೈಟು ಗೀಟು ಎಲ್ಲ ಬೇಡ, ದುಡ್ಡು ತೆಗೀರಿ.’ ಈ ಪ್ರಯೋಗ ನನಗೆ ಹೊಳೆದದ್ದು ವಾಪಸು ಬರುವ ದಾರಿಯಲ್ಲಿ.

ಅರ್ಥವಿಚಾರ

ಅ. ಯಂತ್ರಾರ್ಥ: ಅಡಿಕೆಯ ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಮದ್ದು ಬಿಡುವಾಗ ಪಂಪಿನ ಪೈಪು ಸೇರುವಲ್ಲಿ ನೀಲಿ ಹನಿ ಜಿನುಗುತ್ತದೆ. ‘ಟೈಟ್ ಮಾಡು’ ಎಂದೊಡನೆ ಪಕ್ಕದ ತೋಟದಿಂದ ಸ್ಪ್ಯಾನರು ತರಲಾಗುತ್ತದೆ. ಇದಕ್ಕೆ ಪಂಪು ರಿಪೇರಿಯವನ ಸೂತ್ರವೊಂದಿದೆ: ‘ಜಾಸ್ತಿ ಟೈಟ್ ಮಾಡ್ಬೇಡಿ, ಥ್ರೆಡ್ ಹೋಗ್ತದೆ. ಮತ್ತೆ ಸುಮ್ಮನೆ ತಿರುಗ್ತದೆ, ಹಿಡಿಯುವುದಿಲ್ಲ.’

ಆ. ಮದ್ಯಾರ್ಥ: ಕುಡಿದವನನ್ನು ಟೈಟ್ ಎನ್ನುವುದು ಇಂಗ್ಲಿಷರಲ್ಲೂ ಉಂಟು. ಆದರೆ ನಮ್ಮಲ್ಲಿ ಟೈಟಾದವನ ಕಾಲು ಲೂಸ್, ನಾಲಗೆ ಲೂಸ್, ಪಂಚೆಯಂತೂ ಪೂರ್ತಿ ಲೂಸ್. ಅಲಂಕಾರಶಾಸ್ತ್ರದವರು ಇದನ್ನು ವಿರೋಧಾಭಾಸ ಎಂದಾರು.

ಇ. ರಾಜ್ಯಾರ್ಥ: 2023ರ ಫೆಬ್ರವರಿ 11ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಇಲ್ಲಿನ ಹನುಮಗಿರಿ ದೇವಸ್ಥಾನಕ್ಕೆ ಬಂದಾಗ ಬಂದೋಬಸ್ತು ಟೈಟ್. ‘ಬಂದೋಬಸ್ತು’ ಎಂದರೇ ಬಿಗಿ. ಅದಕ್ಕೆ ಮತ್ತೊಂದು ಬಿಗಿ. ಪುನರುಕ್ತಿದೋಷ, ಆದರೆ ಪೊಲೀಸರಿಗೆ ಯಾರು ಹೇಳುವುದು?

ಈ. ಪರೀಕ್ಷಾರ್ಥ: ಮಗನ ಮಾರ್ಕು ಕಡಿಮೆಯಾದರೆ ವ್ಯಾಲ್ಯುವೇಶನ್ ಟೈಟ್. ಪಕ್ಕದ ಮನೆಯ ಹುಡುಗಿಗೆ ಹೆಚ್ಚು ಬಂದರೆ ಅದೇ ವ್ಯಾಲ್ಯುವೇಶನ್ ಲೂಸ್.

ಉ. ಧಾರಣಾರ್ಥ: ಅರ್ಥಶಾಸ್ತ್ರದ ಇಂಗ್ಲಿಷಿನಲ್ಲಿ ಮಾರುಕಟ್ಟೆ ಟೈಟ್ ಎಂದರೆ ಮಾಲು ಕಡಿಮೆ, ಧಾರಣೆ ಮೇಲೆ. ಜೀಪಿನಿಂದ ಅಡಿಕೆ ಗೋಣಿ ಇಳಿಸಿದವನಿಗೆ ಅಂಗಡಿಯವರು ‘ಮಾರ್ಕೆಟ್ ಟೈಟ್’ ಎಂದರೆ ಧಾರಣೆ ಕೆಳಗೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಈ ಎರಡನೆಯ ಅರ್ಥಕ್ಕೆ ಮದ್ದಾಗಿ.

ಊ. ಋಣಾರ್ಥ: ಪ್ರಬಂಧದ ಹೃದಯಭಾಗ ಇದು. ‘ದುಡ್ಡಿಲ್ಲ’ ಎಂದರೆ ಮಾನ ಹೋಯಿತು. ‘ಕೊಡುವುದಿಲ್ಲ’ ಎಂದರೆ ನೆರೆಹೊರೆ ಹೋಯಿತು. ‘ಸ್ವಲ್ಪ ಬಿಗಿ ಉಂಟು’ ಎಂದರೆ ಕೇಳಿದವರು ಅಂಗಿ ನೋಡುತ್ತಾರೆ. ‘ಟೈಟ್’ ಒಂದೇ ಎಲ್ಲರನ್ನೂ ಕಾಯುತ್ತದೆ. ಡಬ್ಬಿಯ ಮುಚ್ಚಳ ಟೈಟ್ ಎಂದರೆ ಒಳಗೆ ಹಪ್ಪಳ ಉಂಟೆಂದೇ ಲೆಕ್ಕವಲ್ಲವೆ? ಹಣ ಉಂಟು, ಮುಚ್ಚಳ ತೆರೆಯುತ್ತಿಲ್ಲ ಅಷ್ಟೆ. ಹೇಳಿದವನು ಬಡವನಾಗಲಿಲ್ಲ, ಕೇಳಿದವನು ಹಗುರಾಗಲಿಲ್ಲ. ಎರವಲು ತಂದ ಪದವೇ ಎರವಲು ತಂದವನ ಮಾನ ಕಾಯುತ್ತದೆ.

ಉಪಸಂಹಾರ

ಅಡಿಕೆ ಸುಲಿದು ಮುಗಿದ ಮೇಲೆ ‘ಟೈಟು ಗೀಟು’ ಪ್ರಯೋಗವನ್ನು ಬಾಯಿಪಾಠ ಮಾಡಿಕೊಂಡು ಎರಡನೆಯ ಸಲ ಕ್ಷೇತ್ರಕಾರ್ಯಕ್ಕೆ ಹೋದೆ. ಅಣ್ಣ ಬೆಲ್ಲ, ನೀರು ತಂದಿಟ್ಟು ವಿನಯದಿಂದ ಕೇಳಿದರು: ‘ಮಾಷ್ಟ್ರೇ, ಆಟಿಯಲ್ಲಿ ಕೊಂಡುಹೋದ ನನ್ನ ಸ್ಪ್ಯಾನರಿನ ಕೆಲಸ ಮುಗಿಯಿತಾ?’

ಥ್ರೆಡ್ ಹೋಗುವ ಲಕ್ಷಣ ಕಂಡಿತು. ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಿ, ಬೆಲ್ಲ ಕಚ್ಚಿ ನೀರು ಕುಡಿದೆ.