ಅಂಗಡಿ ಎಲ್ಲಿ ಅದರಿ?

ಆನ್‌ಲೈನ್ ಅಂಗಡಿಗೆ ಬಾಗಿಲಿಲ್ಲ, ಹೊಸ್ತಿಲಿಲ್ಲ, ಆದ್ದರಿಂದ ಅದಕ್ಕೆ ಪೂಜೆ ಪುನಸ್ಕಾರದ ಗೊಡವೆಯೂ ಇಲ್ಲ ಎಂದು ಭಾವಿಸುವವರು ಯಾದಗಿರಿ, ಶಹಾಪುರ, ಸುರಪುರಗಳ ವ್ಯಾಪಾರವನ್ನು ಹತ್ತಿರದಿಂದ ಕಂಡವರಲ್ಲ. ದೀಪಾವಳಿ ಅಮಾವಾಸ್ಯೆಯ ಸಂಜೆ ಲೆಕ್ಕದ ಪುಸ್ತಕ, ತಕ್ಕಡಿಗಳ ಪಕ್ಕದಲ್ಲಿ ಚಾರ್ಜಿಗೆ ಹಾಕಿದ ಮೊಬೈಲನ್ನೂ ಇರಿಸಿ, ಅದರ ಬೆನ್ನಿಗೆ ಅರಿಷಿಣ ಕುಂಕುಮ ಏರಿಸಿ, ಕ್ಯಾಮರಾದ ಕಣ್ಣಿಗೆ ಮಾತ್ರ ಕುಂಕುಮ ತಾಗದಂತೆ ಎಚ್ಚರ ವಹಿಸುವ ವ್ಯಾಪಾರಿಗೆ ತನ್ನ ಅಂಗಡಿ ಎಲ್ಲಿದೆ ಎಂಬ ಬಗ್ಗೆ ಯಾವ ಸಂದೇಹವೂ ಇರುವುದಿಲ್ಲ, ಸಂದೇಹವಿರುವುದು ಗಿರಾಕಿಗೆ. ಸಣ್ಣ ಆನ್‌ಲೈನ್ ಅಂಗಡಿಯ ಪ್ರಚಾರ ಕುರಿತು ಜಗತ್ತಿನಲ್ಲಿ ದಪ್ಪ ದಪ್ಪ ಪುಸ್ತಕಗಳು ಬಂದಿದ್ದರೂ, ಈ ಮೂರು ಊರುಗಳ ಮಟ್ಟಿಗೆ ಆ ಶಾಸ್ತ್ರವೆಲ್ಲ ಗಿರಾಕಿಯ ಈ ಒಂದು ಸಂದೇಹವನ್ನು ಪರಿಹರಿಸುವುದರಲ್ಲಿಯೇ ಮುಗಿದುಹೋಗುತ್ತದೆ.

ಇಲ್ಲಿ ಆನ್‌ಲೈನ್ ಅಂಗಡಿ ಎಂದರೆ ಕಾಲ್ ಸೆಂಟರು, ಗೋದಾಮುಗಳಿರುವ ಕಂಪನಿಯಲ್ಲ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಆ್ಯಪು, ಅದರಲ್ಲಿ ಕ್ಯಾಟಲಾಗ್ ಎಂದು ಕರೆಯಲಾಗುವ ಚಿತ್ರಸಹಿತ ದರಪಟ್ಟಿ, ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ, ಹಣ ಪಡೆಯಲು ಯುಪಿಐ ಸಂಕೇತದ ಚೌಕ, ಹಾಗೂ ಹಿಂಬದಿಯ ಕೋಣೆಯಲ್ಲಿ ಹಂಚಿನ ಮುಂದೆ ಕುಳಿತ ಇಬ್ಬರು ಹೆಣ್ಣುಮಕ್ಕಳು, ಇವಿಷ್ಟು ಸೇರಿದರೆ ಅಂಗಡಿ ಸಿದ್ಧವಾಗುತ್ತದೆ. ಸರಕೂ ದೊಡ್ಡದೇನಲ್ಲ: ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ತೊಗರಿ ಬೇಳೆ, ಹಬ್ಬ ಬಂದರೆ ಶೇಂಗಾ ಹೋಳಿಗೆ. (ಹಿಂಡಿ ಎಂದರೆ ಚಟ್ನಿಪುಡಿ ಎಂಬುದನ್ನು ತುಂಗಭದ್ರೆಯ ಆಚೆಗಿನ ಓದುಗರಿಗಾಗಿ ಇಲ್ಲಿ ಸೂಚಿಸಬೇಕಾಗಿದೆ, ದನಗಳಿಗೆ ಹಾಕುವ ಹಿಂಡಿ ಬೇರೆ, ಅದನ್ನು ಕೊರಿಯರ್ ಮೂಲಕ ತರಿಸಿಕೊಂಡವರು ಸದ್ಯಕ್ಕೆ ಯಾರೂ ಇಲ್ಲ.)

ಮಾರಾಟಶಾಸ್ತ್ರದ ಮೊದಲ ಪಾಠಕ್ಕೆ ಟಾರ್ಗೆಟ್ ಆಡಿಯನ್ಸ್ ಎಂದು ಹೆಸರು; ಸರಕು ಯಾರಿಗೆ ಬೇಕಾದೀತು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಜಾಹೀರಾತು ಅವರ ಕಣ್ಣಿಗಷ್ಟೇ ಬೀಳುವಂತೆ ನೋಡಿಕೊಳ್ಳುವುದು ಇದರ ತಾತ್ಪರ್ಯ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳು ನಕಾಶೆಯ ಮೇಲೆ ಒಂದು ವರ್ತುಲ ಎಳೆದು ಅದರೊಳಗಿನವರಿಗೆ ಮಾತ್ರ ಜಾಹೀರಾತು ತೋರಿಸುವ ಸೌಲಭ್ಯ ಒದಗಿಸುತ್ತವೆ. ಹೊಸ ವ್ಯಾಪಾರಿ ಊರಿನ ಮೇಲಿನ ಅಭಿಮಾನದಿಂದ ಆ ವರ್ತುಲವನ್ನು ತನ್ನ ಊರಿನ ಸುತ್ತಲೇ ಎಳೆಯುತ್ತಾನೆ. ಪರಿಣಾಮವಾಗಿ ಖಡಕ್ ರೊಟ್ಟಿಯ ಜಾಹೀರಾತು, ದಿನಾ ಬೆಳಗಾದರೆ ರೊಟ್ಟಿ ಬಡಿಯುವ ಸದ್ದಿಗೇ ಏಳುವ ಸಾವಿರಾರು ಮನೆಗಳನ್ನು ತಲುಪುತ್ತದೆ. ಲೈಕುಗಳಿಗೆ ಕೊರತೆಯಾಗುವುದಿಲ್ಲ, ಏಕೆಂದರೆ ಊರವರ ಅಂಗಡಿ. ಆರ್ಡರು ಮಾತ್ರ ಬರುವುದಿಲ್ಲ, ಏಕೆಂದರೆ ಊರವರ ಮನೆಯಲ್ಲಿಯೂ ರೊಟ್ಟಿ ಇದೆ. ಬರುವುದು ತಜ್ಞರ ಅಭಿಪ್ರಾಯ. ಹುಣಸಗಿಯ ಕಡೆಯ ದೊಡ್ಡಮ್ಮನೊಬ್ಬಳು ಮೊಮ್ಮಗನ ಫೋನಿನಲ್ಲಿ ಆ ಚಿತ್ರ ನೋಡಿ, "ಹಂಚು ಕಾದಿಲ್ಲವಾ, ಅಂಚಿನ್ಯಾಗ ಹಸಿ ಅದ" ಎಂದು ತೀರ್ಪು ಕೊಟ್ಟರೆ, ಆ ತೀರ್ಪಿಗೆ ಮೇಲ್ಮನವಿ ಇರುವುದಿಲ್ಲ.

ನಿಜವಾದ ಗಿರಾಕಿ ಇರುವುದು ಜಿಲ್ಲೆಯ ಹೊರಗೆ. ಮಳೆ ಕೈಕೊಟ್ಟ ವರ್ಷ, ಕೆಲವೊಮ್ಮೆ ಕೈಕೊಡದ ವರ್ಷವೂ, ಈ ಭಾಗದ ಜನ ಗುಳೆ ಹೋಗುತ್ತಾರೆ. ಗುಳೆ ಎಂದರೆ ಕೂಲಿ ಅರಸಿ ಕುಟುಂಬಸಮೇತ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳಿಗೆ ಹೊರಡುವುದು. ಅವರ ಹಿಂದೆಯೇ, ಅದೇ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ, ಪದವಿ ಮುಗಿಸಿದ ಹುಡುಗರೂ ಹುಡುಗಿಯರೂ ನೌಕರಿಗಾಗಿ ಯಾದಗಿರಿ ನಿಲ್ದಾಣದಿಂದ ಹತ್ತುತ್ತಾರೆ. ಗುಳೆ ಹೋದವರು ಜೋಳದ ಹಿಟ್ಟಿನ ಚೀಲವನ್ನೂ ಹಂಚನ್ನೂ ತಮ್ಮೊಡನೆ ಒಯ್ಯುವುದರಿಂದ ಅವರು ಆನ್‌ಲೈನ್ ಅಂಗಡಿಯ ಗಿರಾಕಿಗಳಲ್ಲ. ನೌಕರಿಗೆ ಹೋದವರು ಹಂಚನ್ನು ಒಯ್ಯದೆ ರೊಟ್ಟಿಯ ನೆನಪನ್ನು ಮಾತ್ರ ಒಯ್ಯುವುದರಿಂದ ಅವರೇ ಗಿರಾಕಿಗಳು. ಬಾಡಿಗೆ ಕೋಣೆಯಲ್ಲಿ ಮೂರು ಹೊತ್ತೂ ಅನ್ನ ಉಂಡು ಬೇಸತ್ತವನಿಗೆ ರಾತ್ರಿ ಹನ್ನೊಂದರ ಸುಮಾರಿಗೆ ಅಗಸಿ ಹಿಂಡಿ ನೆನಪಾಗುತ್ತದೆ ಎಂಬ ಸತ್ಯವನ್ನು ಬಲ್ಲ ವ್ಯಾಪಾರಿ ಜಾಹೀರಾತಿನ ಹೊತ್ತನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾನೆ.

ಇಷ್ಟಾದರೂ ಆತನ ಎದುರಿಗೆ ಒಬ್ಬ ಪ್ರತಿಸ್ಪರ್ಧಿ ಉಳಿದೇ ಇರುತ್ತಾಳೆ. ಅದು ಅಮೆಜಾನ್ ಅಲ್ಲ, ಫ್ಲಿಪ್‌ಕಾರ್ಟ್ ಅಲ್ಲ, ಗಿರಾಕಿಯ ಅವ್ವ. ಸುರಪುರ, ಶಹಾಪುರಗಳಿಂದ ಸಂಜೆ ಬೆಂಗಳೂರಿಗೆ ಹೊರಡುವ ಬಸ್ಸಿನ ಡ್ರೈವರನ ಕೈಗೆ ಆಕೆ ಕೊಟ್ಟ ಬುತ್ತಿಯ ಗಂಟು ಬೆಳಗಿನ ಜಾವ ಅಲ್ಲಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಮುಟ್ಟುತ್ತದೆ. ಸಾಗಣೆ ವೆಚ್ಚ ಡ್ರೈವರನ ಚಹಾಕ್ಕೆ ಸಾಲುವಷ್ಟು. ಇಂತಿಷ್ಟೇ ಖರೀದಿಸಬೇಕೆಂಬ ಷರತ್ತು ಇಲ್ಲ. ಕೇಳಿದ ಸರಕಿನ ಜೊತೆಗೆ ಕೇಳದ ಉಪ್ಪಿನಕಾಯಿ, ಎರಡು ಹಿಡಿ ಶೇಂಗಾ, ಕರದಂಟಿನ ತುಂಡುಗಳು ತಾವಾಗಿ ಸೇರಿಕೊಂಡಿರುತ್ತವೆ. ಒಮ್ಮೆ ಬಂದು ಹೋದ ಗಿರಾಕಿಯನ್ನು ಮರೆಯಗೊಡದೆ ಮತ್ತೆ ಮತ್ತೆ ನೆನಪಿಸುವ ತಂತ್ರವನ್ನು ರೀಟಾರ್ಗೆಟಿಂಗ್ ಎಂದು ಕರೆಯುತ್ತಾರೆ. ಒಮ್ಮೆ ನೋಡಿದ ಚಪ್ಪಲಿಯ ಚಿತ್ರ ತಿಂಗಳುಗಟ್ಟಲೆ ಬೆನ್ನು ಹತ್ತುವುದು ಇದರಿಂದಲೇ. ಆದರೆ "ಮುಟ್ಟಿತೇನೋ? ತಿಂದ್ಯಾ? ಹಿಂಡಿ ಮ್ಯಾಲ ಎಣ್ಣಿ ಹಾಕ್ಕೊಂಡ್ಯಾ?" ಎಂದು ಒಂದು ವಾರ ಬಿಡದೆ ಬರುವ ಕರೆಗೆ ಸರಿಗಟ್ಟುವ ರೀಟಾರ್ಗೆಟಿಂಗನ್ನು ಅಮೆರಿಕದ ಯಾವ ಕಂಪನಿಯೂ ಇದುವರೆಗೆ ತಯಾರಿಸಿಲ್ಲ. ಆದ್ದರಿಂದ ಬುದ್ಧಿವಂತ ವ್ಯಾಪಾರಿ ಅವ್ವನೊಡನೆ ಸ್ಪರ್ಧೆಗೆ ಇಳಿಯುವುದಿಲ್ಲ. ಅವ್ವನಿಗೆ ಮೊಣಕಾಲು ನೋವು ಶುರುವಾದ ಮನೆಗಳನ್ನು ಹುಡುಕುತ್ತಾನೆ.

ಜಾಹೀರಾತು ಕಂಡ ಗಿರಾಕಿ ಮುಂದೆ ಏನು ಮಾಡುತ್ತಾನೆ ಎಂಬಲ್ಲಿ ಪುಸ್ತಕಕ್ಕೂ ವಾಸ್ತವಕ್ಕೂ ಬಹಳ ಅಂತರವಿದೆ. ಪುಸ್ತಕದ ಪ್ರಕಾರ ಆತ ಖರೀದಿಯ ಗುಂಡಿ ಒತ್ತಬೇಕು; ನೋಡಿದ ನೂರು ಮಂದಿಯಲ್ಲಿ ಎಷ್ಟು ಮಂದಿ ಒತ್ತಿದರು ಎಂಬ ಪ್ರಮಾಣಕ್ಕೆ ಕನ್ವರ್ಷನ್ ಎಂದು ಹೆಸರು. ಈ ಭಾಗದ ಗಿರಾಕಿ ಗುಂಡಿ ಒತ್ತುವುದಿಲ್ಲ, ಫೋನು ಹಚ್ಚುತ್ತಾನೆ.

"ರೊಟ್ಟಿ ಅಂಗಡ್ಯವ್ರೇನ್ರಿ?"

"ಹೌದ್ರಿ ಅಣ್ಣಾರ, ಹೇಳ್ರಿ."

"ಅಂಗಡಿ ಎಲ್ಲಿ ಅದರಿ?"

"ಆನ್‌ಲೈನ್‌ನಾಗ ಅದರಿ."

"ಅದು ಗೊತ್ತಾತ್ರಿ. ಊರಾಗ ಎಲ್ಲಿ ಅದ?"

"ಸುರಪುರದ ರಂಗಂಪೇಟ್ಯಾಗ ಅದರಿ."

"ರಂಗಂಪೇಟ್ಯಾಗ ಯಾರ ಮನಿ ಬಾಜೂಕ?"

ಈ ಪ್ರಶ್ನೆಯಿಂದ ಮುಂದಕ್ಕೆ ಸಂಭಾಷಣೆ ವ್ಯಾಪಾರದ ದಾರಿ ಬಿಟ್ಟು ವಂಶಾವಳಿಯ ದಾರಿ ಹಿಡಿಯುತ್ತದೆ. ವ್ಯಾಪಾರಿಯ ತಾಯಿಯ ತವರು ಕೆಂಭಾವಿ ಎಂದೂ, ಗಿರಾಕಿಯ ಸೋದರಮಾವ ಅಲ್ಲಿಯೇ ಮಾಸ್ತರನಾಗಿದ್ದನೆಂದೂ ಗೊತ್ತಾದ ಮೇಲೆ ಐವತ್ತು ರೊಟ್ಟಿ, ಅರ್ಧ ಕಿಲೋ ಶೇಂಗಾ ಹಿಂಡಿಯ ಆರ್ಡರು ಬೀಳುತ್ತದೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತೆಯ ನೋಂದಣಿಯ 14 ಅಂಕಿಗಳನ್ನು ಕಾನೂನಿನಂತೆ ಅಚ್ಚುಮಾಡಿಸಿದ್ದರೂ ಅವನ್ನು ಓದಿದ ಗಿರಾಕಿ ಸಿಗುವುದು ಅಪರೂಪ, "ಹಿಂಡಿ ಯಾರು ಕುಟ್ಯಾರ?" ಎಂದು ಕೇಳದ ಗಿರಾಕಿ ಅದಕ್ಕಿಂತಲೂ ಅಪರೂಪ.

ಸಂಬಂಧಿಕರ ಮೂಲಕ ಗುರುತು ಹಿಡಿಯಲಾಗದ ಅಪರಿಚಿತ ಗಿರಾಕಿಯನ್ನು ಹಿಡಿಯಲು ಮಾತ್ರ ಗೂಗಲ್ ಎಂಬ ದೊಡ್ಡ ಸಂತೆಯೊಳಗೆ ಹೋಗಲೇಬೇಕು. ಜನ ಏನನ್ನಾದರೂ ಹುಡುಕಿದಾಗ ತನ್ನ ಅಂಗಡಿಯ ಹೆಸರು ಮೊದಲ ಪುಟದಲ್ಲಿ ಕಾಣುವಂತೆ ಮಾಡುವ ಕೌಶಲ್ಯಕ್ಕೆ ಎಸ್‌ಇಒ ಎನ್ನುತ್ತಾರೆ. ಹಣ ಕೊಟ್ಟು ಮೇಲೇರುವುದಾದರೆ ಪ್ರತಿಯೊಂದು ಹುಡುಕಾಟಕ್ಕೂ ಕ್ಷಣಾರ್ಧದಲ್ಲಿ ಹರಾಜು ನಡೆದು, ಹೆಚ್ಚು ಕೂಗಿದವರಿಗೂ ಉತ್ತಮ ಜಾಹೀರಾತು ಉಳ್ಳವರಿಗೂ ಮೇಲಿನ ಜಾಗ ದಕ್ಕುತ್ತದೆ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಸ್ತಂಭಾರೋಹಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಂಬ ಜಾರುತ್ತದೆ, ಮೇಲಿನಿಂದ ನೀರು ಎರಚುತ್ತಾರೆ, ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಕಾಲಿಟ್ಟು ಏರುತ್ತಾನೆ, ಹೆಗಲು ಕೊಟ್ಟವನು ಕೆಳಗೇ ಉಳಿಯುತ್ತಾನೆ. ವ್ಯತ್ಯಾಸವೆಂದರೆ ಜಾತ್ರೆಯ ಕಂಬದಿಂದ ಜಾರಿದವನಿಗೆ ದುಡ್ಡು ಖರ್ಚಾಗುವುದಿಲ್ಲ.

ಹುಡುಕಾಟದಲ್ಲಿ ಊರಿನ ಹೆಸರೂ ತೊಡಕೇ. ಶಹಾಪುರವೆಂದು ಹುಡುಕಿದರೆ ಬೆಳಗಾವಿಯ ಶಹಾಪುರ, ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಶಹಾಪುರ ಎಲ್ಲವೂ ತಾವು ತಾವೇ ನಿಜವಾದ ಶಹಾಪುರವೆಂದು ಎದುರು ಬಂದು ನಿಲ್ಲುತ್ತವೆ. ಬುದ್ಧ ಮಲಗಿದಂತೆ ಕಾಣುವ ಬೆಟ್ಟವಿರುವುದು ಯಾವ ಶಹಾಪುರದಲ್ಲಿ ಎಂಬುದು ಗೂಗಲ್‌ಗೆ ಮುಖ್ಯವಲ್ಲ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಆರಂಭಿಸಿದ ಆರಂಕಿಯ ಪಿನ್ ಸಂಖ್ಯೆ ಇಂಥ ಗೊಂದಲದಿಂದ ಪಾರುಮಾಡಲೆಂದೇ ಬಂದದ್ದು. ಅದರಂತೆ ಶಹಾಪುರಕ್ಕೆ 585223, ಸುರಪುರಕ್ಕೆ 585224. ಕೊನೆಯ ಅಂಕಿಯ ಮೇಲೆ ಬೆರಳು ತುಸು ಜಾರಿದರೆ ಶಹಾಪುರದವರು ತರಿಸಿದ ಸೀರೆ ಸುರಪುರದ ಬೆಟ್ಟ ಹತ್ತಿ ಇಳಿದು ಬರುತ್ತದೆ.

ಹೆಸರಿನ ಮಾತು ಬಂದಾಗ ನೆರೆಯ ಕಲಬುರಗಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಅದರಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದಾಗ ಕಚೇರಿಗಳು, ಕುರ್ಚಿಗಳು, ಕಡತಗಳು ಪಾಲಾದವು. ರೊಟ್ಟಿ, ತೊಗರಿಗಳ ಹೆಸರು ಪಾಲಾಗಲಿಲ್ಲ. 2019ರಲ್ಲಿ ಕಲಬುರಗಿಯ ಹಳೆಯ ಹೆಸರಿನಲ್ಲೇ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಂದು ಪ್ರದೇಶದ ಹೆಸರನ್ನು ಒಂದು ಸರಕಿಗೆ ಕಾನೂನಿನ ಬಲದಿಂದ ಕಟ್ಟಿಕೊಡುವ ವ್ಯವಸ್ಥೆಯಿದು. ಆ ಬಳಿಕ ಕಲಬುರಗಿಯ ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸುವ ಜೋಳದ ರೊಟ್ಟಿ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡಾಗಿ ಆನ್‌ಲೈನಿಗೂ ಬೆಂಗಳೂರಿನ ಮಳಿಗೆಗೂ ತಲುಪಿ, 2025ರ ಜೂನ್ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯ ಬಾಯಲ್ಲಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಎಂಬ ಲೆಕ್ಕದ ಸಮೇತ ಪ್ರಸ್ತಾಪವಾಯಿತು. ಇಂಥ ಜಾಹೀರಾತನ್ನು ಯಾವ ಹರಾಜಿನಲ್ಲಿಯೂ ಕೊಳ್ಳಲಾಗದು. ಬಿಡಿ ಬಿಡಿಯಾಗಿ ಬಡಿದಾಡುವ ಅಂಗಡಿಗಳು ಮಾಡಲಾಗದ್ದನ್ನು ಒಂದು ಹೆಸರಿನಡಿ ಕೂಡಿದ ಹೆಣ್ಣುಮಕ್ಕಳು ಮಾಡಿ ತೋರಿಸಿದ್ದಾರೆ ಎಂಬುದನ್ನು ಯಾದಗಿರಿಯ ವ್ಯಾಪಾರಿಯೂ ಒಪ್ಪುತ್ತಾನೆ. ಒಪ್ಪಿದ ಮೇಲೆ, ಜೋಳ ಮಾತ್ರ ನಮ್ಮ ಕಡೆಯದೇ ಚಲೋ ಎಂದು ಸೇರಿಸುವುದನ್ನು ಮರೆಯುವುದಿಲ್ಲ.

ಆರ್ಡರು ಬಂದ ಮೇಲೆ ಎದುರಾಗುವುದು ಕೊರಿಯರಿನವರ ಗಣಿತ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಅವರು ಗಾತ್ರದ ತೂಕವೆಂದು ಕರೆದು, ಅದಕ್ಕೂ ನಿಜವಾದ ತೂಕಕ್ಕೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಹಣ ಪಡೆಯುತ್ತಾರೆ. ಐವತ್ತು ಖಡಕ್ ರೊಟ್ಟಿಗಳು ಸುಮಾರು ಎರಡು ಕಿಲೋ ತೂಗಬಹುದು. ಆದರೆ ಅವು ಒಡೆಯದಂತೆ ಕಾಗದದ ಚೂರು ತುಂಬಿ 30, 30, 25 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಲೆಕ್ಕ ನಾಲ್ಕೂವರೆ ಕಿಲೋ ಆಗುತ್ತದೆ. ಉಳಿದ ಎರಡೂವರೆ ಕಿಲೋ ಯಾದಗಿರಿಯ ಗಾಳಿ. ಬೇಸಿಗೆಯಲ್ಲಿ ಆ ಗಾಳಿಯನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲದ ಊರಿನಿಂದ ಅದನ್ನು ದುಡ್ಡು ಕೊಟ್ಟು ಬೆಂಗಳೂರಿಗೆ ಕಳಿಸಬೇಕಾಗಿ ಬಂದಿರುವುದು ವಿಚಿತ್ರವೇ ಸರಿ. ಗಾಳಿ ಉಳಿಸಲು ಚಿಕ್ಕ ಪೆಟ್ಟಿಗೆ ಬಳಸಿದವರ ರೊಟ್ಟಿ ಚೂರಾಗಿ ತಲುಪುತ್ತದೆ. ಚೂರನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದರೆ ಇನ್ನೂ ರುಚಿ ಎಂದು ಬೆಂಗಳೂರಿನ ಗಿರಾಕಿಗೆ ಫೋನಿನಲ್ಲಿ ಮನವರಿಕೆ ಮಾಡುವುದು ಪ್ರಚಾರದ ಉನ್ನತ ವ್ಯಾಸಂಗಕ್ಕೆ ಸೇರಿದ ವಿಷಯ.

ಒಡೆಯದ ಸರಕನ್ನು ಮಾರುವವರಿಗೂ ಕಷ್ಟ ತಪ್ಪಿದ್ದಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರ ಚಿತ್ರಕಲೆ, ಚಿನ್ನದ ರೇಕುಗಳನ್ನು ಅಂಟಿಸಿ ಸೂಕ್ಷ್ಮ ಗೆರೆಗಳಲ್ಲಿ ದೇವತೆಗಳನ್ನೂ ಪುರಾಣಪ್ರಸಂಗಗಳನ್ನೂ ಬಿಡಿಸುವ ಶೈಲಿ. ಕಲಬುರಗಿಯ ಕಲಾವಿದ ವಿಜಯ ಹಾಗರಗುಂಡಗಿ ಅದಕ್ಕೆ ಮರುಜೀವ ಕೊಡಲು ದುಡಿದವರು. ಚಿತ್ರವನ್ನು ಕೈಯಲ್ಲಿ ಹಿಡಿದು ತುಸು ವಾಲಿಸಿದಾಗ ಕಿರೀಟದ ಮೇಲೆ ಹಾದುಹೋಗುವ ಹೊಳಪು ಮೊಬೈಲ್ ಪರದೆಯ ಮೇಲೆ ಹಳದಿ ಬಣ್ಣವಾಗಿ ಕುಳಿತುಬಿಡುತ್ತದೆ. ಗಿರಾಕಿ ಮೊದಲು "ಬಂಗಾರ ಖರೇನಾ?" ಎಂದು ಕೇಳಿ, ಖರೆ ಎಂದ ಮೇಲೆ, "ಹಂಗಾದ್ರ ಬಂಗಾರ ಇಲ್ದಿದ್ದು ಕಡಿಮಿಗೆ ಅದ ಏನ್ರಿ?" ಎಂದು ಕೇಳುತ್ತಾನೆ. ಸುರಪುರವನ್ನು ಹೊರಗಿನವರಿಗೆ ಪರಿಚಯಿಸಿದವರಲ್ಲಿ, 1841ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರನಷ್ಟು ಯಶಸ್ಸು ಕಂಡವರು ಇಲ್ಲವೆನ್ನಬೇಕು. 1877ರಲ್ಲಿ ಪ್ರಕಟವಾದ ಆತನ ಆತ್ಮಕಥೆಯಿಂದ ಇಂಗ್ಲೆಂಡಿನ ಓದುಗರಿಗೂ ಸುರಪುರ ತಿಳಿಯಿತು. ಆದರೆ ಆತ ಮಾರಿದ್ದು ಕಥೆಯನ್ನು, ಅದಕ್ಕೆ ಗಾತ್ರದ ತೂಕ ಕಡಿಮೆ.

ಹಣದ ವಿಷಯದಲ್ಲಿ 2016ರಲ್ಲಿ ಬಂದ ಯುಪಿಐ ಬಹಳ ಉಪಕಾರ ಮಾಡಿದೆ. ಉದ್ರಿ ಕೇಳಲು ಹಿಂಜರಿಯದವನೂ ಚೌಕದ ಎದುರು ಫೋನು ಹಿಡಿದು ತೆಪ್ಪಗೆ ಕೊಡುತ್ತಾನೆ. ಸರಕು ಕೈಗೆ ಬಂದ ಮೇಲೆ ಹಣ ಎನ್ನುವ ಪದ್ಧತಿ ಇಟ್ಟುಕೊಂಡವರಿಗೆ ಮಾತ್ರ ಆರ್‌ಟಿಒ ಕಾಟ. ಇದು ಕೆಎ 33 ಫಲಕ ಕೊಡುವ ಸಾರಿಗೆ ಕಚೇರಿಯಲ್ಲ. ಗಿರಾಕಿ ಬಾಗಿಲು ತೆರೆಯದೆ ಸರಕು ಹೊರಟಲ್ಲಿಗೇ ಮರಳುವುದಕ್ಕೆ ಕೊರಿಯರಿನವರು ಇಟ್ಟ ಹೆಸರು. ಎರಡರಲ್ಲಿಯೂ ಹೋಗುವ ಖರ್ಚು ಬೇರೆ, ಬರುವ ಖರ್ಚು ಬೇರೆ.

ಕೊನೆಗೆ ಉಳಿಯುವುದು ರಿವ್ಯೂ, ಅಂದರೆ ಸರಕು ಬಳಸಿದವರು ನಕ್ಷತ್ರ ಕೊಟ್ಟು ಬರೆಯುವ ಅಭಿಪ್ರಾಯ. ಹೊಸ ಗಿರಾಕಿ ಜಾಹೀರಾತಿಗಿಂತ ಇದನ್ನೇ ಹೆಚ್ಚು ನಂಬುತ್ತಾನೆ. ಈ ಭಾಗದ ಅಂಗಡಿಗಳಿಗೆ ಇದರದ್ದೇ ಬರ. ಮೆಚ್ಚಿದವರು ಮೆಚ್ಚುಗೆಯನ್ನು ವ್ಯಾಪಾರಿಯ ಚಿಕ್ಕಪ್ಪನ ಕೈಯಲ್ಲಿ, ಇಲ್ಲವೇ ಲಗ್ನದ ಪಂಕ್ತಿಯಲ್ಲಿ ಹೇಳಿ ಕಳಿಸುತ್ತಾರೆ. ಸಿಟ್ಟಾದವರು ಮಾತ್ರ ನಕ್ಷತ್ರದ ಜಾಗ ಹುಡುಕಿಕೊಂಡು ಹೋಗುತ್ತಾರೆ. ಆದಕಾರಣ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿರುವ ಯಾದಗಿರಿ ಜಿಲ್ಲೆಯ ಸಮಸ್ತ ಬಂಧುಗಳಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ರೊಟ್ಟಿ ಚಲೋ ಇದ್ದರೆ ಆ ಮಾತನ್ನು ದಯವಿಟ್ಟು ಆನ್‌ಲೈನಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಹಿಂಡಿಯಲ್ಲಿ ಉಪ್ಪು ಹೆಚ್ಚಾಗಿದ್ದರೆ ಅದನ್ನು ಮಾತ್ರ ಫೋನು ಮಾಡಿ, ಮೆಲ್ಲಗೆ ಹೇಳಬೇಕು.